ಚೀಟಿಯಲ್ಲಿ ಬಂದ ಸೊನ್ನೆ

ದಾವಣಗೆರೆಯ ನಮ್ಮ ಔಷಧಿ ಅಂಗಡಿಯಲ್ಲಿ ಎಂಬತ್ತರ ದಶಕದಲ್ಲಿ ನಾನು ಕೌಂಟರಿಗೆ ನಿಂತಾಗ, ಎದೆನೋವಿನವರ ಚೀಟಿಯೆಂದರೆ ಸಾರ್ಬಿಟ್ರೇಟ್. ಮುಂದೆ 1-1-1, ಅಂದರೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂದೊಂದು ಅಂತ ಬರೆದಿರುತ್ತಿತ್ತು. ಬಿಡಿ ಮಾತ್ರೆ ಕತ್ತರಿಸಿ ಕೊಟ್ಟರೆ ಹಿರಿಯರು ಅಂಗಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ನೋವು ಬಂದಾಗ ಕೂತುಕೊಂಡು ನಾಲಿಗೆ ಕೆಳಗಿಡಿ, ನಿಂತಿದ್ದರೆ ಬಿಪಿ ಇಳಿದು ತಲೆ ಸುತ್ತುತ್ತದೆ ಎಂದು ನಾವು ಪ್ರತಿಯೊಬ್ಬರಿಗೂ ಹೇಳಬೇಕಿತ್ತು.

ಅದು ಹೃದಯದ ರಕ್ತನಾಳ ಹಿಗ್ಗಿಸುವ ಮಾತ್ರೆ ಎಂದೇ ಎಲ್ಲರ ತಿಳಿವಳಿಕೆ. ಅದು ಅರ್ಧ ಮಾತ್ರ. ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಮುಖ್ಯವಾಗಿ ಸಡಿಲಿಸುವುದು ಕಾಲು, ಹೊಟ್ಟೆಯ ಅಭಿಧಮನಿಗಳನ್ನು. ರಕ್ತ ಅಲ್ಲೇ ನಿಂತು ಹೃದಯಕ್ಕೆ ಮರಳುವುದು ಕಡಿಮೆಯಾಗುತ್ತದೆ. ಹೃದಯ ಕಡಿಮೆ ಉಬ್ಬುತ್ತದೆ, ಅದಕ್ಕೆ ಬೇಕಾದ ಆಮ್ಲಜನಕವೂ ತಗ್ಗುತ್ತದೆ. ಒಳಗಿನ ಒತ್ತಡ ಇಳಿದದ್ದರಿಂದ ಸ್ನಾಯುವಿನ ಒಳಪದರಕ್ಕೂ ರಕ್ತ ಸಲೀಸಾಗಿ ಇಳಿಯುತ್ತದೆ. ಹೃದಯದ ದೊಡ್ಡ ಕರೋನರಿ ನಾಳಗಳೂ ಪಕ್ಕದ ಕವಲುಗಳೂ ಹಿಗ್ಗುವುದು ಇದರ ಜೊತೆಗೆ.

ಆಮೇಲೆ ಚೀಟಿಗಳಲ್ಲಿ 1-1-0 ಬರತೊಡಗಿತು. ‘ಡಾಕ್ಟ್ರು ರಾತ್ರಿದು ಬರೆಯಾದು ಮರ್ತಾರಪ್ಪ, ನೀನೇ ಕೊಡು’ ಎಂದು ಜಗಳಕ್ಕೇ ನಿಲ್ಲುತ್ತಿದ್ದರು. ಅದು ಮರೆವಲ್ಲ. ಹಗಲೂ ರಾತ್ರಿ ನೈಟ್ರೇಟ್ ರಕ್ತದಲ್ಲೇ ಇದ್ದರೆ ನಾಳಗಳು ಅದಕ್ಕೆ ಸ್ಪಂದಿಸುವುದನ್ನೇ ಬಿಡುತ್ತವೆ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಬಿಡುವು ಕೊಟ್ಟರೆ ಮತ್ತೆ ಕೇಳುತ್ತವೆ. ಇದರ ಸುಳಿವು ಡೈನಮೈಟ್ ಕಾರ್ಖಾನೆಗಳಲ್ಲೇ ಇತ್ತು. ಅದೇ ಗುಂಪಿನ ನೈಟ್ರೋಗ್ಲಿಸರಿನ್ ಮುಟ್ಟುವ ಕಾರ್ಮಿಕರಿಗೆ ಸೋಮವಾರ ತಲೆ ಸಿಡಿಯುತ್ತಿತ್ತು, ವಾರ ಕಳೆಯುತ್ತ ಅದು ತಣ್ಣಗಾಗುತ್ತಿತ್ತು. ಭಾನುವಾರದ ರಜೆ ಮುಗಿದರೆ ಮತ್ತೆ ಶುರು. ಲಂಡನ್ನಿನ ವಿಲಿಯಂ ಮರೆಲ್ 1879ರಲ್ಲೇ ನೈಟ್ರೋಗ್ಲಿಸರಿನ್ ಅನ್ನು ಎದೆನೋವಿಗೆ ಬಳಸಿದ್ದ. ಡೈನಮೈಟ್ ಕಂಡುಹಿಡಿದ ಆಲ್‌ಫ್ರೆಡ್ ನೊಬೆಲ್‌ಗೂ ಕೊನೆಗಾಲದಲ್ಲಿ ವೈದ್ಯರು ಅದನ್ನೇ ಬರೆದುಕೊಟ್ಟರು. ನೈಟ್ರೇಟ್‌ನಿಂದ ಹುಟ್ಟಿ ನಾಳವನ್ನು ಸಡಿಲಿಸುವುದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ; ದೇಹದಲ್ಲಿ ಅದರ ಕೆಲಸವನ್ನು ಬಿಡಿಸಿ ತೋರಿಸಿದ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಬಹುಮಾನವೇ ಬಂತು.

ವಯಾಗ್ರ ಮಾದರಿಯ ಮಾತ್ರೆಗಳು ಬಂದ ಮೇಲೆ ಕೌಂಟರಿನಲ್ಲಿ ಇನ್ನೊಂದು ಪ್ರಶ್ನೆ ಸೇರಿತು. ಎರಡನ್ನೂ ತೆಗೆದುಕೊಂಡರೆ ಬಿಪಿ ಪ್ರಾಣಾಪಾಯದಷ್ಟು ಕುಸಿಯಬಹುದು. ಬೇರೆ ಗಿರಾಕಿಗಳು ಹೋಗುವವರೆಗೆ ಕಾದು, ದನಿ ತಗ್ಗಿಸಿ ಕೇಳುತ್ತಿದ್ದೆ. ಕೆಲವರು ಸಿಟ್ಟಾದರು, ಕೇಳುವುದನ್ನು ನಾನು ಬಿಡಲಿಲ್ಲ.

ಈಗ ಸ್ಟೆಂಟ್, ಸ್ಟ್ಯಾಟಿನ್‌ಗಳ ಕಾಲ. ನೈಟ್ರೇಟ್ ನೋವು ಇಳಿಸುತ್ತದೆ, ನಾಳದ ಅಡಚಣೆ ಕರಗಿಸುವುದಿಲ್ಲ. ಆದರೂ ಮೊಬೈಲಿನಲ್ಲಿ ಬಂದ ಸಂದೇಶ ನಂಬಿ, ಎಂದೂ ಇಸಿಜಿ ಮಾಡಿಸದವರು ‘ಮನೇಲಿರಲಿ’ ಎಂದು ಸಾರ್ಬಿಟ್ರೇಟ್ ಕೇಳುತ್ತಾರೆ. ಚೀಟಿಯಿಲ್ಲದೆ ನಾನು ಕೊಡುವುದಿಲ್ಲ. ಚೀಟಿ ತಂದವರಿಗೆ ಹೇಳಿ ಕಳಿಸುತ್ತೇನೆ: ಮಾತ್ರೆ ಇಟ್ಟು ಐದು ನಿಮಿಷಕ್ಕೂ ನೋವು ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ.