25 ಪಿನ್ನಿನ ಕೇಬಲ್ಲು ಮತ್ತು ಅಟ್ಟದ ಮೇಲಿನ ಟ್ರಂಕು

ನಾಲ್ಕು ದಿನದಿಂದ ಮಳೆ ಬಿಟ್ಟಿಲ್ಲ. ಮದ್ದು ಹೊಡೆಯೋಕೆ ಆಗ್ತಾ ಇಲ್ಲ, ಕೊನೆಗೌಡ ಫೋನೇ ಎತ್ತೋದಿಲ್ಲ. ಹಾಗಾಗಿ ಈ ಸಲ ಅಡಿಕೆಗೆ ಹಿಡಿಯುವ ಕೊಳೆ ಬಿಟ್ಟು ಕಾಗದಕ್ಕೆ ಹಿಡಿಯುವ ಕೊಳೆ ಬಗ್ಗೆ ಬರೀತೇನೆ. ಸ್ವಲ್ಪ ಉದ್ದ ಇದೆ, ಚಾ ಇಟ್ಕೊಂಡು ಓದಿ.

ನಮ್ಮ ಮೇಲಿನ ಕೇರಿಯ ಅಜ್ಜಿಯ ಮನೇಲಿ ಒಂದು ತಗಡಿನ ಟ್ರಂಕು ಇದೆ. ಒಲೆಯ ಹೊಗೆ ತಾಗುವ ಅಟ್ಟದ ಮೇಲೆ ಇಟ್ಟಿದ್ದರಿಂದ ಒರಲೆ ಹತ್ತಿರ ಬಂದಿಲ್ಲ. ಈಗ ಮನೆಗೆ ಗ್ಯಾಸ್ ಬಂತು, ಹೊಗೆ ನಿಂತಿತು, ಎರಡೇ ಮಳೆಗಾಲಕ್ಕೆ ಕಾಗದಕ್ಕೆ ಬೂಷ್ಟು ಬಂತು. ಒಳಗೆ ಗೇಣಿ ಚೀಟಿ, ಭೂ ಸುಧಾರಣೆ ಕಾಲದ ಫಾರಂ 7ರ ನಕಲು, ಹಿಸ್ಸಾ ನಕ್ಷೆ, ಮತ್ತೆ ಅಜ್ಜಿಯ ಮಾವನ ಕಾಲದ ರಸೀದಿಗಳು. ಅವರ ಅರಣ್ಯ ಹಕ್ಕಿನ ಅರ್ಜಿ ಒಮ್ಮೆ ವಾಪಸು ಬಂದಿದೆ, ‘ದಾಖಲೆ ಸಾಲದು’ ಅಂತ. “ತಮಾ, ಇದ್ರಾಗೆ ಎಂತಾರೂ ಉಂಟಾ ನೋಡು, ನಂಗೆ ಅಕ್ಷರ ಬರೂದಿಲ್ಲ” ಅಂದು ಗಂಟು ಕಟ್ಟಿ ಕೊಟ್ಟರು.

ಮೊಬೈಲಲ್ಲಿ ಫೋಟೋ ಹೊಡೆದ್ರೆ ಸಾಲದಾ ಅಂತ ಸುಮಾರು ಜನ ಕೇಳಿದ್ರು. ರಸೀದಿಗೆ ಸಾಕು. ನಕ್ಷೆಗೆ ಸಾಲೋದಿಲ್ಲ. ನಮ್ಮದು ಮುಂಬಯಿ ಪ್ರಾಂತ್ಯದ ಸರ್ವೆ: 33 ಅಡಿಯ ಸರಪಳಿ, ಅದಕ್ಕೆ 16 ಆಣೆ. 33 ಅಡಿ ಚೌಕ ಅಂದ್ರೆ ಒಂದು ಗುಂಟೆ, 1089 ಚದರ ಅಡಿ, ಅಂಥ 40 ಸೇರಿದರೆ ಎಕರೆ. ಮೊಬೈಲು ಒಂಚೂರು ಓರೆ ಆದ್ರೂ ನಕ್ಷೆಯ ಒಂದು ಬದಿ ಕುಗ್ಗುತ್ತದೆ. ಉದ್ದ ಅಗಲ ಎರಡರಲ್ಲೂ ಶೇ. 2 ಹೆಚ್ಚುಕಡಿಮೆ ಆದ್ರೆ ವಿಸ್ತೀರ್ಣದಲ್ಲಿ ಶೇ. 4, ಅಂದ್ರೆ ಎಕರೆಗೆ ಒಂದೂವರೆ ಗುಂಟೆಗೂ ಮೇಲೆ ಹೋಯ್ತು. ಬೇಲಿ ಜಗಳ ಅರ್ಧ ಗುಂಟೆಗೆ ನಡೀತದೆ ನಮ್ಮಲ್ಲಿ! ಗಾಜಿನ ಮೇಲೆ ಮಲಗಿಸಿ 300 ಡಿಪಿಐಗೆ ಸ್ಕ್ಯಾನ್ ಮಾಡಿದ್ರೆ ಒಂದು ಇಂಚಿಗೆ 300 ಚುಕ್ಕಿ, ಅಳತೆ ಹಾಗೇ ಉಳೀತದೆ.

ಸ್ಕ್ಯಾನರ್ ಸಿಕ್ಕಿದ್ದು ಹೊನ್ನಾವರದಲ್ಲಿ ಡಿಟಿಪಿ ಅಂಗಡಿ ಮುಚ್ಚಿದ ಸ್ನೇಹಿತರ ಹತ್ತಿರ. ಲಗ್ನಪತ್ರಿಕೆಗೆ ದೇವರ ಚಿತ್ರ ಸ್ಕ್ಯಾನ್ ಮಾಡ್ತಿದ್ದ ಕಾಲದ್ದು. ದಪ್ಪ, ಭಾರ. ಆದರೆ ಹಳೇ ದಪ್ಪ ಸ್ಕ್ಯಾನರಿಗೆ ಒಂದು ಗುಣ ಉಂಟು: ಒಳಗೆ ಕನ್ನಡಿ, ಲೆನ್ಸು ಇರೋದ್ರಿಂದ ಕಾಗದ ಮಡಚಿ ಗಾಜಿನಿಂದ ಸ್ವಲ್ಪ ಎದ್ದರೂ ಅಕ್ಷರ ಸ್ಪಷ್ಟ ಬರ್ತದೆ. ಈಗಿನ ತೆಳು ಸ್ಕ್ಯಾನರುಗಳಿಗೆ ಕಾಗದ ಗಾಜಿಗೆ ಅಂಟಿಯೇ ಇರಬೇಕು. ನೂರು ವರ್ಷದ ಮಡಿಕೆಯನ್ನ ಒತ್ತಿದ್ರೆ ಎರಡು ತುಂಡಾಗ್ತದೆ.

ತೊಂದರೆ ಕೇಬಲ್ಲಿಂದು. ಇದಕ್ಕೆ ಯುಎಸ್‌ಬಿ ಇಲ್ಲ, 25 ಪಿನ್ನಿನ ಪ್ಯಾರಲಲ್ ಪೋರ್ಟು. ಪ್ರಿಂಟರ್ ಕೇಬಲ್ಲು ಆದೀತು ಅಂತ ಒಬ್ಬರು ತಂದರು, ಆಗಲಿಲ್ಲ. ಪ್ರಿಂಟರ್ ಕೇಬಲ್ಲಿನ ಒಂದು ತುದಿ 25 ಪಿನ್ನು, ಇನ್ನೊಂದು 36ರ ಅಗಲ ಬಾಯಿ. ಇದಕ್ಕೆ ಎರಡೂ ಕಡೆ 25 ಬೇಕು. ಕುಮಟಾದ ಅಂಗಡಿಯೊಂದರಲ್ಲಿ ಯುಎಸ್‌ಬಿಯಿಂದ ಪ್ಯಾರಲಲ್ಲಿಗೆ ಬದಲಿಸೋ ವೈರು ತೋರಿಸಿ “ಎಲ್ಲದಕ್ಕೂ ಆಗ್ತದೆ ಸರ್” ಅಂದರು. ಅಜ್ಜಿಯ ಮೊಮ್ಮಗ ದುಡ್ಡು ಕೊಟ್ಟು ತಂದ. ಸಿಕ್ಕಿಸಿದರೆ ಲ್ಯಾಪ್‌ಟಾಪು ಅದನ್ನ ಪ್ರಿಂಟರ್ ಅಂತ ಹೇಳ್ತು, ಅಷ್ಟೇ. ಕಾರಣ ಇಷ್ಟು: ಆ ವೈರು ಪ್ರಿಂಟರಿಗೆ ಅಕ್ಷರ ಕಳಿಸೋದಕ್ಕೆ ಮಾತ್ರ ಮಾಡಿದ್ದು. ಸ್ಕ್ಯಾನರಿನ ಪ್ರೋಗ್ರಾಂ ಪೋರ್ಟಿನ ಒಂದೊಂದು ತಂತಿಯನ್ನೂ ನೇರ ಮುಟ್ಟಬೇಕು, ಆ ದಾರಿ ಅದರಲ್ಲಿ ಇಲ್ಲ. ನೀವ್ಯಾರೂ ಈ ಕೆಲಸಕ್ಕೆ ಅದನ್ನ ತಗೊಳ್ಬೇಡಿ.

ಕೊನೆಗೆ ದಾರಿ ಒಂದೇ, ಆ ಪೋರ್ಟು ಇರುವ ಹಳೇ ಕಂಪ್ಯೂಟರು. ಭಟ್ಕಳದ ಗುಜರಿಯಲ್ಲಿ ವಿಂಡೋಸ್ ಎಕ್ಸ್‌ಪಿಯ ಒಂದು ಸಿಪಿಯು ಸಿಕ್ಕಿತು. ಸ್ಕ್ಯಾನರಿನ ಸ್ವಂತ ಕೇಬಲ್ಲು ಡಿಟಿಪಿ ಸ್ನೇಹಿತರ ಮನೆ ಮಾಳಿಗೆಯಲ್ಲಿ, ತೆಂಗಿನಕಾಯಿ ರಾಶಿ ಹಿಂದೆ ಇತ್ತು. ಸಮುದ್ರದ ಗಾಳಿಗೆ ಪಿನ್ನೆಲ್ಲ ಹಸಿರು. ಹಳೇ ಹಲ್ಲುಜ್ಜೋ ಬ್ರಶ್ಶು, ಐಸೊಪ್ರೊಪೈಲ್ ಆಲ್ಕೋಹಾಲು, ಅರ್ಧ ತಾಸು ಉಜ್ಜಿದ್ದೇ.

ಮಾಡೋರಿಗೆ ಉಪಯೋಗ ಆಗ್ಲಿ ಅಂತ ಕ್ರಮ ಹೇಳ್ತೇನೆ. ಸ್ಕ್ಯಾನರಿನ ಅಡಿಯಲ್ಲಿ ಸಾಗಾಣಿಕೆಗೆ ಹಾಕಿದ ಲಾಕ್ ಇರ್ತದೆ, ಮೊದಲು ಅದನ್ನ ಬಿಡಿಸಿ, ಇಲ್ಲದಿದ್ರೆ ಒಳಗಿನ ದೀಪದ ಗಾಡಿ ಕಟಕಟ ಅಂತ ಜಗ್ಗಾಡ್ತದೆ. ಕಂಪ್ಯೂಟರಿನ ಬಯೋಸಿನಲ್ಲಿ ಪ್ಯಾರಲಲ್ ಪೋರ್ಟನ್ನ ಇಪಿಪಿಗೆ ಇಡಿ. ಎರಡೂ ಆಫ್ ಇದ್ದಾಗಲೇ ಕೇಬಲ್ಲು ಹಾಕಿ, ಇದು ಪೆನ್‌ಡ್ರೈವಲ್ಲ. ಆಮೇಲೆ ಮೊದಲು ಸ್ಕ್ಯಾನರು, ಅದರ ನಂತರ ಕಂಪ್ಯೂಟರು ಆನ್. ದೀಪ ಬಿಸಿಯಾಗೋಕೆ ಸ್ವಲ್ಪ ಹೊತ್ತು ಬಿಡಿ. ನಮ್ಮ ಸಿಪಿಯುವಿನ ಒಳಗಿನ ನಾಣ್ಯದಂಥ ಸಿಆರ್2032 ಸೆಲ್ಲು ಸತ್ತಿತ್ತು, ಪ್ರತಿ ಸಲ ಇಸವಿ ಹಿಂದೆ ಓಡ್ತಿತ್ತು. ಸೆಲ್ಲು ಹಾಕಿದ ಮೇಲೇ ಕೆಲಸ ಶುರು ಮಾಡಿದ್ದು. ದಾಖಲೆಯ ಫೈಲಿನ ಮೇಲೆ ತಪ್ಪು ತಾರೀಕು ಬಿದ್ದರೆ ನಾಳೆ ಯಾರಾದ್ರೂ ಅದನ್ನೇ ಹಿಡೀತಾರೆ.

ಈಗ ರಸೀದಿ ವಿಷಯ. ಅರಣ್ಯ ಹಕ್ಕು ಕಾಯ್ದೆ 2006ರ ಪ್ರಕಾರ ಬುಡಕಟ್ಟಿನವರಲ್ಲದವರು 13 ಡಿಸೆಂಬರ್ 2005ಕ್ಕೆ ಮೊದಲು ಮೂರು ತಲೆಮಾರು ಅಲ್ಲಿದ್ದದ್ದು ತೋರಿಸಬೇಕು. ತಲೆಮಾರಿಗೆ 25 ವರ್ಷ, ಒಟ್ಟು 75. ಅಂದ್ರೆ ಲೆಕ್ಕ 1930ಕ್ಕೆ ಹೋಗ್ತದೆ. ನಮ್ಮ ಜಿಲ್ಲೆಯ ಎಷ್ಟು ಬಡವರ ಮನೇಲಿ 1930ರ ಕಾಗದ ಇರ್ತದೆ ಹೇಳಿ? ಆ ಷರತ್ತು ಬರೆದವರು ನಮ್ಮ ಮಳೆ ನೋಡಿಲ್ಲ ಅಂತ್ಲೇ ನನಗೆ ಅನಿಸೋದು.

ಅಜ್ಜಿಯ ಟ್ರಂಕಿನಲ್ಲಿ ಅಂಗೈ ಅಗಲದ ಒಂದು ಚೀಟಿ, ನೇರಳೆ ಪೆನ್ಸಿಲಿನ ಬರಹ, ಮೇಲೆ ಕಂದು ನೀರಿನ ಕಲೆ. ಬರಿಗಣ್ಣಿಗೆ ಹೆಸರು ಅರ್ಧ ಕಾಣ್ತದೆ, ಇಸವಿ ಇಲ್ಲವೇ ಇಲ್ಲ. 600 ಡಿಪಿಐಗೆ ಬಣ್ಣದಲ್ಲೇ ಸ್ಕ್ಯಾನ್ ಮಾಡಿದೆ, ಕಪ್ಪುಬಿಳುಪಲ್ಲಿ ಅಲ್ಲ. ಆಮೇಲೆ ಗಿಂಪ್ ಅನ್ನೋ ಪುಕ್ಕಟೆ ಪ್ರೋಗ್ರಾಮಿನಲ್ಲಿ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆ ಮಾಡಿ ನೋಡಿದ್ದು. ನೀಲಿಯಲ್ಲಿ ಕಲೆ ಮಾತ್ರ ದಟ್ಟ. ಹಸಿರಿನಲ್ಲಿ ಕಲೆ ತೆಳುವಾಗಿ ನೇರಳೆ ಗೆರೆ ಕಪ್ಪಾಗಿ ಎದ್ದು ಬಂತು. ಅಜ್ಜಿಯ ಮಾವನ ಹೆಸರು ಪೂರ್ತಿ. ಬೆಟ್ಟದಲ್ಲಿ ಗದ್ದೆ ಮಾಡಿದ್ದಕ್ಕೆ ದಂಡ ಕಟ್ಟಿದ ರಸೀದಿ ಅದು! ಇಸವಿ 192, ಕೊನೆಯ ಅಂಕಿ ಇದ್ದಲ್ಲಿ ಹುಳ ತಿಂದ ತೂತು. ಆ ತೂತಿನಲ್ಲಿ ಯಾವ ಅಂಕಿ ಇದ್ದಿದ್ರೂ 1930ರ ಒಳಗೇ ಆಯ್ತಲ್ಲ.

ಓದಿ ಹೇಳಿದಾಗ ಅಜ್ಜಿ ನಗಾಡಿದರು. “ಆ ದಂಡ ಕಟ್ಟೂಕೆ ಅತ್ತೆ ಮೂಗುತಿ ಅಡ ಇಟ್ಟಿದ್ರು ಅಂತಿದ್ರು. ಬಿಡಿಸ್ಕಂಡು ಬರೂಕೇ ಆಗ್ಲಿಲ್ಲ.” ಮತ್ತೆ ತುಂಬ ಹೊತ್ತು ಮಾತಾಡಲಿಲ್ಲ.

ಇದರಿಂದ ಅರ್ಜಿ ಗೆದ್ದಂತೆ ಅಲ್ಲ. ಸ್ಕ್ಯಾನ್ ಪ್ರತಿ ಮೂಲಕ್ಕೆ ಬದಲಿ ಆಗೋದಿಲ್ಲ, ಮೂಲ ಚೀಟಿ ಜೋಪಾನ ಇಡಲೇಬೇಕು. ಚೀಟಿ ಇಲ್ಲದವರೂ ಎದೆಗುಂದಬೇಡಿ, ನಿಯಮದಲ್ಲಿ ಊರಿನ ಹಿರಿಯರ ಹೇಳಿಕೆ ಬರೆಸಿಕೊಳ್ಳೋಕೂ ಅವಕಾಶ ಇದೆ. ಹಿರಿಯರು ಇರುವಾಗಲೇ ಬರೆಸಿ.

ಕಾಗದ ಇದ್ದವರು ದಯಮಾಡಿ ಲ್ಯಾಮಿನೇಶನ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ. ಒದ್ದೆ ಕಾಗದ ಬಿಸಿಲಿಗೆ ಹಾಕದೆ ನೆರಳಲ್ಲಿ, ಫ್ಯಾನಿನ ಕೆಳಗೆ ಒಣಗಿಸಿ. ಮಳೆ ಹೊಳವಾಗುವ ತನಕ ಮಧ್ಯಾಹ್ನ ನಾನು ಮನೇಲೇ ಇರ್ತೇನೆ. ಹೊನ್ನಾವರ, ಕುಮಟಾ, ಭಟ್ಕಳ ಕಡೆಯವರು ತಂದರೆ ಎದುರಿಗೇ ಕೂತು ಮಾಡಿಕೊಡ್ತೇನೆ, ಪೆನ್‌ಡ್ರೈವ್ ನೀವೇ ತನ್ನಿ. ಮತ್ತೆ ಯಾರ ಮನೇಲಾದ್ರೂ ಎರಡೂ ತುದಿ 25 ಪಿನ್ನಿನ ಕೇಬಲ್ಲು ಇದ್ರೆ ಗುಜರಿಗೆ ಹಾಕೋ ಮೊದಲು ಒಂದು ಫೋನ್ ಮಾಡಿ. ನಮ್ಮ ಹತ್ತಿರ ಇರೋದು ಒಂದೇ, ಅದರಲ್ಲೂ ಎರಡು ಪಿನ್ನು ಸೊಟ್ಟ ಇದೆ.