ಬಂಡೆಯೂರಿನ ತಾಯಿ

'ಬೌಲ್ಡರ್' ಎಂದರೆ ಗುಂಡುಬಂಡೆ. ಅಮೆರಿಕದ ಕೊಲರಾಡೊ ಸಂಸ್ಥಾನದಲ್ಲಿ ಈ ಹೆಸರಿನ ಪಟ್ಟಣವೇ ಒಂದಿದೆ. ಡೆನ್ವರ್ ನಗರದಿಂದ ವಾಯವ್ಯಕ್ಕೆ ಸುಮಾರು ೨೫ ಮೈಲಿ ದೂರ. ಸಮುದ್ರಮಟ್ಟದಿಂದ ೫,೪೩೦ ಅಡಿ ಎತ್ತರ. ಪೂರ್ವಕ್ಕೆ ನೋಡಿದರೆ ಕಣ್ಣು ಹರಿಯುವಷ್ಟು ಬಯಲು. ಪಶ್ಚಿಮಕ್ಕೆ ತಿರುಗಿದರೆ ಊರಿನ ಬೆನ್ನಿಗೇ ಬಂದು ನಿಂತ ರಾಕಿ ಪರ್ವತಗಳು. ಆ ಪರ್ವತಗಳ ಮುಂಚೂಣಿಯಲ್ಲಿ ಐದು ಮಹಾ ಶಿಲಾಫಲಕಗಳು ಆಕಾಶಕ್ಕೆ ಓರೆಯಾಗಿ ಒರಗಿವೆ. ಇಸ್ತ್ರಿಪೆಟ್ಟಿಗೆಯ ತಳವನ್ನು ಹೋಲುವುದರಿಂದ ಅವಕ್ಕೆ 'ಫ್ಲಾಟ್‌ಐರನ್ಸ್' ಎಂದು ಹೆಸರು. ಸುಮಾರು ೨೯ ಕೋಟಿ ವರ್ಷಗಳ ಹಿಂದೆ ಮಡುಗಟ್ಟಿದ ಮರಳೇ ಇಂದು ಕೆಂಪು ಕಲ್ಲಾಗಿ ನಿಂತಿದೆ.

ಊರಿನವರಿಗೆ ಈ ಬೆಟ್ಟಗಳ ಮೇಲೆ ಎಲ್ಲಿಲ್ಲದ ಅಭಿಮಾನ. ಅವುಗಳ ಮೇಲೆ ಮನೆಗಳು ಏಳಬಾರದೆಂದು ೧೯೬೭ರಲ್ಲಿ ಪೌರರು ತಮ್ಮ ಮೇಲೆ ತಾವೇ ಮಾರಾಟ ತೆರಿಗೆ ಹೇರಿಕೊಂಡು, ಆ ಹಣದಿಂದ ಬಯಲುಭೂಮಿಯನ್ನು ಕೊಳ್ಳಲು ಒಪ್ಪಿದರು. ೨೦೧೧ರಲ್ಲಿ ನಗರಸಭೆ ೪೨ ಎಕರೆಗಳಲ್ಲಿ ಸೈಕಲ್ ಸಾಹಸಿಗಳಿಗಾಗಿ ದಿಣ್ಣೆ-ತಗ್ಗುಗಳ ಉದ್ಯಾನವೊಂದನ್ನು ತೆರೆಯಿತು. ಅದಕ್ಕೆ ಪ್ರವೇಶ ಶುಲ್ಕವನ್ನಿಡಲಿಲ್ಲ. ಇಂತಹ ಊರಿನಲ್ಲಿ ಮಕ್ಕಳಿಗೆ ಶಿಲಾರೋಹಣ ಕಲಿಸಲು ಶಾಲೆಯೊಂದನ್ನು, ಅದೂ ಸೂರಿನಡಿಯಲ್ಲಿ, ಮಹಿಳೆಯೊಬ್ಬಳು ತೆರೆದದ್ದು ವಿಚಿತ್ರವೆಂದು ತೋರಬಹುದು. ಬಾಗಿಲು ತೆರೆದರೆ ಬೆಟ್ಟವಿರುವಾಗ ಮರದ ಗೋಡೆ ಏತಕ್ಕೆ?

ಆಕೆಯ ಹೆಸರು ರಾಬಿನ್ ಅರ್ಬ್ಸ್‌ಫೀಲ್ಡ್-ರಾಬೂಟೂ. ೧೯೬೩ರಲ್ಲಿ ಹುಟ್ಟಿದ, ಜಾರ್ಜಿಯ ಸಂಸ್ಥಾನದ ಹೆಣ್ಣುಮಗಳು. ಶಿಲಾರೋಹಣವು ಗಂಡಸರ ಗುತ್ತಿಗೆಯೆಂದು ಭಾವಿಸಿದ್ದ ಕಾಲದಲ್ಲಿ ಆಕೆ ಯೂರೋಪಿನ ಸ್ಪರ್ಧಾಂಗಣಗಳಿಗೆ ಇಳಿದಳು. ೧೯೯೨ರಿಂದ ೧೯೯೫ರವರೆಗೆ ಸತತವಾಗಿ ನಾಲ್ಕು ಬಾರಿ ವಿಶ್ವ ಕಪ್ ಅವಳದಾಯಿತು. ೧೯೯೫ರಲ್ಲಿ ಜಿನೀವಾದಲ್ಲಿ ವಿಶ್ವ ವಿಜೇತೆಯ ಪಟ್ಟವೂ ದೊರೆಯಿತು. ಫ್ರಾನ್ಸಿನ ಆರೋಹಿ ದಿದಿಯೆ ರಾಬೂಟೂ ಅವಳ ಕೈಹಿಡಿದರು. ಶಾನ್ ಮತ್ತು ಬ್ರೂಕ್ ಎಂಬ ಇಬ್ಬರು ಮಕ್ಕಳಾದರು. ಪದಕಗಳನ್ನು ಕಪಾಟಿನಲ್ಲಿಟ್ಟು ವಿಶ್ರಮಿಸಬಹುದಾಗಿದ್ದ ಆಕೆ ಈ ಶತಮಾನದ ಮೊದಲ ವರ್ಷಗಳಲ್ಲಿ ಬೌಲ್ಡರಿನಲ್ಲಿ 'ಎಬಿಸಿ ಕಿಡ್ಸ್ ಕ್ಲೈಂಬಿಂಗ್' ಎಂಬ ಸಂಸ್ಥೆಯನ್ನು ಕಟ್ಟಿದಳು. ಹೆಸರೇ ಹೇಳುವಂತೆ, ಇದು ಆರೋಹಣದ ಅಕ್ಷರಾಭ್ಯಾಸ.

ಮರದ ಗೋಡೆಯ ಪ್ರಯೋಜನ ಇಲ್ಲಿಯೇ ತಿಳಿಯುವುದು. ಬೆಟ್ಟದ ಬಂಡೆ ಮಗುವಿನ ತೋಳಿನ ಉದ್ದವನ್ನು ವಿಚಾರಿಸುವುದಿಲ್ಲ. ಚಳಿಗಾಲದಲ್ಲಿ ಹಿಮ ಮುಚ್ಚಿದರೆ ಅದರ ಬಾಗಿಲೇ ಮುಚ್ಚಿದಂತೆ. ಕೃತಕ ಗೋಡೆಯಾದರೋ ಹಲಗೆಗಳಿಂದಾದುದು. ಅದರ ತುಂಬ ತಿರುಪುಮೊಳೆಗಳಿಗಾಗಿ ರಂಧ್ರಗಳು. ಬಣ್ಣಬಣ್ಣದ ಹಿಡಿಗಲ್ಲುಗಳನ್ನು ಬೇಕೆಂದಲ್ಲಿ ಬಿಗಿದು, ಬೇಡವೆಂದಾಗ ಕಳಚಬಹುದು. ಪುಟ್ಟ ಕೈಗಳಿಗೆ ನಿಲುಕುವಂತೆ ಹತ್ತಿರದಲ್ಲಿಟ್ಟರೆ ಅದು ಒಂದನೆಯ ತರಗತಿ. ದೂರ ಸರಿಸಿ, ಹಿಡಿಯನ್ನು ಕಿರಿದಾಗಿಸಿದರೆ ಪದವಿ ಪರೀಕ್ಷೆ. ಹೀಗೆ ಜೋಡಿಸಿದ ದಾರಿಯನ್ನು ಆರೋಹಿಗಳು 'ಸಮಸ್ಯೆ' ಎಂದೇ ಕರೆಯುತ್ತಾರೆ. ಗಣಿತದ ಲೆಕ್ಕದಂತೆ ಅದನ್ನು ಕೆಳಗೆ ನಿಂತು ಮೊದಲು ಮನಸ್ಸಿನಲ್ಲಿ ಬಿಡಿಸಬೇಕು, ಆಮೇಲೆ ಕೈಕಾಲುಗಳಿಂದ.

ಆದರೂ ಇಂತಹ ಶಾಲೆಯಲ್ಲಿ ಮೊದಲು ಕಲಿಸುವ ಪಾಠ ಏರುವುದಲ್ಲ, ಬೀಳುವುದು. ಹಗ್ಗವಿಲ್ಲದೆ ಏರುವ ಕುಳ್ಳು ಗೋಡೆಗಳ ಬುಡದಲ್ಲಿ ದಪ್ಪನೆಯ ಮೆತ್ತೆ ಹಾಸಿರುತ್ತದೆ. ಮೊಣಕಾಲು ಮಡಿಸಿ, ಎರಡೂ ಪಾದಗಳ ಮೇಲೆ ಇಳಿದು, ಹಿಂದಕ್ಕೆ ಉರುಳಬೇಕು. ಕೈಯೂರಿದರೆ ಮಣಿಕಟ್ಟಿಗೆ ಅಪಾಯ. ಎತ್ತರದ ಗೋಡೆಗಳಲ್ಲಿ ಹಗ್ಗದ ಇನ್ನೊಂದು ತುದಿ ಜೊತೆಗಾರನ ಕೈಯಲ್ಲಿರುತ್ತದೆ. ಅಲ್ಲಿ ಧೈರ್ಯಕ್ಕಿಂತ ವಿಶ್ವಾಸವೇ ದೊಡ್ಡದು.

ಹೆತ್ತವರಿಗೆ ಅಳುಕಿಲ್ಲವೆ? ಖಂಡಿತ ಉಂಟು; ಅದಕ್ಕೆ ಆಧಾರವೂ ಉಂಟು. ಬೆಳೆಯುವ ಮಕ್ಕಳ ಬೆರಳೆಲುಬುಗಳ ತುದಿಯಲ್ಲಿ ಇನ್ನೂ ಗಟ್ಟಿಯಾಗದ ಮೃದ್ವಸ್ಥಿಯ ಭಾಗವಿರುತ್ತದೆ. ಮಿತಿಮೀರಿ ಬೆರಳುಗಳ ಮೇಲೆಯೇ ಭಾರ ಹಾಕಿದರೆ ಅಲ್ಲಿ ಬಿರುಕು ಬಿಡಬಹುದೆಂದು ವೈದ್ಯರು ಎಚ್ಚರಿಸುತ್ತಾರೆ. ಎಳೆಯರ ಗುರುವಿಗೆ ಇದು ನಿತ್ಯದ ಪರೀಕ್ಷೆ. ಮಗುವಿನ ಉತ್ಸಾಹವನ್ನು ತಣಿಸಬಾರದು, ದೇಹವನ್ನು ದಣಿಸಲೂಬಾರದು. ತಾನೇ ಗುರುವೂ ತಾಯಿಯೂ ಆದವಳಿಗೆ ಈ ತಕ್ಕಡಿ ಇನ್ನಷ್ಟು ಭಾರ. ಏಕೆಂದರೆ ಗೋಡೆಯ ಮೇಲೆ ಜೋತಾಡುತ್ತಿದ್ದ ಮಕ್ಕಳಲ್ಲಿ ಅವಳ ಮಗಳೂ ಒಬ್ಬಳು.

ಆ ಮಗಳು ಬ್ರೂಕ್ ೧೧ನೆಯ ವಯಸ್ಸಿನಲ್ಲಿಯೇ ಸ್ಪೇನಿನ ರೊಡೆಯಾರ್‌ನಲ್ಲಿ, ನುರಿತ ಗಂಡಸರಿಗೂ ದುಸ್ಸಾಧ್ಯವೆನಿಸುವ ದಾರಿಯೊಂದನ್ನು ಏರಿದಳು. ಶಿಲಾರೋಹಣ ಒಲಿಂಪಿಕ್ಸ್‌ಗೆ ಮೊದಲ ಬಾರಿ ಪ್ರವೇಶಿಸಿದ ಟೋಕಿಯೋ ಕೂಟದಲ್ಲಿ, ೨೦೨೧ರಲ್ಲಿ, ಅವಳಿಗೆ ಐದನೆಯ ಸ್ಥಾನ. ಮೂರು ವರ್ಷಗಳ ಬಳಿಕ ಪ್ಯಾರಿಸ್ಸಿನಲ್ಲಿ ಬೆಳ್ಳಿಯ ಪದಕ. ೨೦೨೫ರ ಏಪ್ರಿಲಿನಲ್ಲಿ ಇಟಲಿಯ ಆರ್ಕೋ ಬಳಿಯ 'ಎಕ್ಸ್‌ಕ್ಯಾಲಿಬರ್' ಎಂಬ ಬಂಡೆದಾರಿಯನ್ನು ಏರಿ, ಆ ಮಟ್ಟದ ಕಾಠಿಣ್ಯವನ್ನು ಗೆದ್ದ ಮೊದಲ ಮಹಿಳೆಯೆನಿಸಿದಳು. ಹೆತ್ತ ಮಗಳಿಗೆ ಮಾತ್ರ ಈ ವಿದ್ಯೆ ಮೀಸಲಾಗಲಿಲ್ಲ. ಅದೇ ಶಾಲೆಯ ತಂಡದಲ್ಲಿ ಪಳಗಿದ ಮಾರ್ಗೊ ಹೇಸ್ ೨೦೧೭ರಲ್ಲಿ ಸ್ಪೇನಿನ 'ಲಾ ರಾಂಬ್ಲಾ'ವನ್ನು ಏರಿ ದಾಖಲೆ ಬರೆದಳು. ಕಾಲಿನ್ ಡಫಿ ಎಂಬ ಹುಡುಗ ಟೋಕಿಯೋದಲ್ಲಿ ಬ್ರೂಕಳ ಜೊತೆಗಾರನಾದ.

ಆದರೆ ಗೋಡೆಯೇರಿದ ಮಕ್ಕಳೆಲ್ಲರೂ ಪದಕ ಗೆಲ್ಲುವುದಿಲ್ಲ. ಬಹುಮಂದಿ ದೊಡ್ಡವರಾಗಿ ಬೇರೆ ಬೇರೆ ಉದ್ಯೋಗ ಹಿಡಿಯುತ್ತಾರೆ. ಅವರಿಗೆ ಉಳಿಯುವುದು ಒಂದೇ ಪಾಠ: ಜಾರಿದ ಕೈಯನ್ನು ಒರೆಸಿಕೊಂಡು, ಸಮಸ್ಯೆಯನ್ನು ಇನ್ನೊಮ್ಮೆ ದಿಟ್ಟಿಸಿ, ಮತ್ತೆ ಹತ್ತುವುದು.

ಸಂಜೆ ಸೂರ್ಯ ಪರ್ವತಗಳ ಹಿಂದೆ ಸರಿದಾಗ ಫ್ಲಾಟ್‌ಐರನ್ಸ್‌ನ ನೆರಳು ಊರಿನ ಮೇಲೆ ಚಾಚಿಕೊಳ್ಳುತ್ತದೆ. ಕೋಟಿಗಟ್ಟಲೆ ವರ್ಷ ಕಾದು ನಿಂತ ಆ ಬಂಡೆಗಳಿಗೆ ಅವಸರವಿಲ್ಲ. ಮರದ ಗೋಡೆಯಲ್ಲಿ ಅಕ್ಷರ ಕಲಿತ ಮಕ್ಕಳು ಒಂದು ದಿನ ತಮ್ಮ ಬಳಿಗೆ ಬಂದೇ ಬರುವರೆಂದು ಅವಕ್ಕೆ ಗೊತ್ತಿರುವಂತಿದೆ.