ತಂತಿಯೊಳಗೆ ಕಂಡ ಅಕ್ಷರಗಳು

ಕಂಪ್ಯೂಟರ್ ಜಾಲವೆಂದರೇನು, ಅದರ ಭದ್ರತೆಯೆಂದರೇನು ಎಂಬುದನ್ನು ನಾವು ಕಲಿತದ್ದು ಪ್ರಯೋಗಶಾಲೆಯಲ್ಲಿ. ತರಗತಿಯ ಉಪನ್ಯಾಸಗಳಿಗೆ ಅಗೌರವ ತೋರಲು ಈ ಮಾತನ್ನು ಹೇಳುತ್ತಿಲ್ಲ. ಜಾಲದ ಏಳು ಪದರಗಳ ಚಿತ್ರವನ್ನು ಹಲಗೆಯ ಮೇಲೆ ಎಷ್ಟು ಸಲ ಬರೆದರೂ ಅದು ಚಿತ್ರವಾಗಿಯೇ ಉಳಿಯಿತು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಹೆಸರುಗಳು ಪರೀಕ್ಷೆಯ ಮರುದಿನವೇ ಬಂದ ದಾರಿಯಲ್ಲಿ ಹಿಂದಿರುಗಿದವು. ಆದರೆ 2018-19ನೆಯ ಸಾಲಿನಲ್ಲಿ, ವಾರಕ್ಕೊಂದು ಮಧ್ಯಾಹ್ನ, ನಾವು ನಾಲ್ವರು ಒಂದೇ ಮೇಜಿನ ಸುತ್ತ ಕುಳಿತು ಮಾಡಿದ ಪ್ರಯೋಗಗಳು ಇಂದಿಗೂ ಮರೆತಿಲ್ಲ.

ನಾಲ್ವರೂ ಕಾಸರಗೋಡು ಸೀಮೆಯ ಕನ್ನಡ ಶಾಲೆಗಳಲ್ಲಿ ಓದಿ ಬಂದವರು. ಕೇರಳ ಸರಕಾರವು 2001ರಲ್ಲಿ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆಯ ದೆಸೆಯಿಂದ ಕಂಪ್ಯೂಟರು ನಮಗೆ ಹೊಸತಾಗಿರಲಿಲ್ಲ. ಹೊಸತಾಗಿದ್ದುದು ಭಾಷೆಗಳ ಸಂತೆ. ಕಾಲೇಜಿನಲ್ಲಿ ಪ್ರಯೋಗದ ಸೂಚನೆಗಳು ಇಂಗ್ಲಿಷಿನಲ್ಲಿ, ಅಧ್ಯಾಪಿಕೆಯವರ ವಿವರಣೆ ಮಲಯಾಳದಲ್ಲಿ, ನಮ್ಮೊಳಗಿನ ಚರ್ಚೆ ಕನ್ನಡದಲ್ಲಿ. ಕೆಲಸ ಕೆಟ್ಟಾಗ ಮಾತ್ರ ತುಳು. ಒಂದು ಸಂಗತಿಯನ್ನು ನಮ್ಮಲ್ಲೊಬ್ಬರು ಕನ್ನಡದಲ್ಲಿ ಹೇಳಿ, ಉಳಿದ ಮೂವರು ತಲೆಯಾಡಿಸುವವರೆಗೆ ಅದು ತಿಳಿದಂತಲ್ಲ ಎಂಬ ಕಟ್ಟುಪಾಡನ್ನು ನಾವಾಗಿಯೇ ಮಾಡಿಕೊಂಡಿದ್ದೆವು.

ಮೊದಲನೆಯ ಪ್ರಯೋಗ ತಂತಿಯದು. ಜಾಲದ ಕೇಬಲಿನ ಸಿಪ್ಪೆ ಸುಲಿದರೆ ಒಳಗೆ ಎಂಟು ಎಳೆಗಳು, ಎರಡೆರಡಾಗಿ ಹೊಸೆದ ನಾಲ್ಕು ಜೋಡಿಗಳು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂಬ ಕ್ರಮದಲ್ಲಿ ಅವನ್ನು ಸಾಲಾಗಿ ಹಿಡಿದು ಪ್ಲಗ್ಗಿನೊಳಕ್ಕೆ ತೂರಿಸಿ ಇಕ್ಕುಳದಿಂದ ಅದುಮಬೇಕು. ಮನೆಯಲ್ಲಿ ಅಡಕೆ ಸುಲಿದು ಅಭ್ಯಾಸವಿದ್ದ ನಮ್ಮ ಗೆಳೆಯನಿಗೆ ಇದು ಮೊದಲ ಸಲಕ್ಕೇ ಸಿದ್ಧಿಸಿತು. ಎಳೆಗಳನ್ನು ಹೊಸೆಯುವುದೇಕೆ ಎಂಬುದು ಅಂದೇ ತಿಳಿಯಿತು: ಹೊರಗಿನ ವಿದ್ಯುತ್ತಿನ ಗದ್ದಲವು ಹೊಸೆದ ಎರಡೂ ಎಳೆಗಳ ಮೇಲೆ ಹೆಚ್ಚುಕಡಿಮೆ ಸಮನಾಗಿ ಬೀಳುತ್ತದೆ, ಪಡೆಯುವ ಯಂತ್ರವು ಎರಡರ ವ್ಯತ್ಯಾಸವನ್ನಷ್ಟೇ ನೋಡುವುದರಿಂದ ಗದ್ದಲ ಕಳೆದುಹೋಗಿ ಸಂದೇಶ ಉಳಿಯುತ್ತದೆ.

ಜಾಲದಲ್ಲಿ ಮಾತೆಲ್ಲ ಸಣ್ಣ ಸಣ್ಣ ಪೊಟ್ಟಣಗಳಾಗಿ ಸಾಗುತ್ತದೆ. ಪ್ರತಿ ಪೊಟ್ಟಣಕ್ಕೂ ಆಯುಸ್ಸಿನ ಒಂದು ಅಂಕಿಯಿದೆ. ದಾರಿಯ ಪ್ರತಿಯೊಂದು ರೂಟರು ಅದರಲ್ಲಿ ಒಂದನ್ನು ಕಳೆಯುತ್ತದೆ. ಸೊನ್ನೆಯಾದೊಡನೆ ಪೊಟ್ಟಣವನ್ನು ಎಸೆದು, ಕಳುಹಿಸಿದವರಿಗೆ ವರ್ತಮಾನ ಮುಟ್ಟಿಸುತ್ತದೆ. ಆಯುಸ್ಸು ಒಂದು, ಎರಡು, ಮೂರು ಎಂದು ಏರಿಸುತ್ತ ಹೋದರೆ ದಾರಿಯ ರೂಟರುಗಳು ಒಂದೊಂದಾಗಿ ತಮ್ಮ ಗುರುತು ಹೇಳುತ್ತವೆ. ಈ ಉಪಾಯದಿಂದ ನಾವು ಮಂಗಳೂರಿನ ಸಂಸ್ಥೆಯೊಂದರ ಕಂಪ್ಯೂಟರಿಗೆ ದಾರಿ ಹುಡುಕಿದೆವು. ಮಂಗಳೂರು ನಮಗೆ ಐವತ್ತು ಕಿಲೋಮೀಟರು. ರೂಟರುಗಳ ಹೆಸರುಗಳಿಂದ ತಿಳಿದಂತೆ ನಮ್ಮ ಪೊಟ್ಟಣವು ಮದರಾಸನ್ನು ಮುಟ್ಟಿ, ಮುಂಬಯಿಯನ್ನು ಸುತ್ತಿ, ಬಳಿಕ ಮಂಗಳೂರಿಗೆ ಹೋಗಿತ್ತು! ಇತ್ತಲಿನ ಕಂಪನಿಯೂ ಅತ್ತಲಿನ ಕಂಪನಿಯೂ ಕೈಗೂಡಿಸುವುದು ಮಹಾನಗರಗಳಲ್ಲಂತೆ. ತಲಪಾಡಿಯ ಗಡಿಯನ್ನು ಅದು ಕಾಣಲೇ ಇಲ್ಲ. 2020ರ ಮಾರ್ಚಿನಲ್ಲಿ ಅದೇ ತಲಪಾಡಿಯಲ್ಲಿ ರಸ್ತೆ ಮುಚ್ಚಿ ಆಂಬುಲೆನ್ಸುಗಳು ಹಿಂದಿರುಗಿದಾಗ, ಸುತ್ತುಬಳಸಿಯಾದರೂ ತಲಪಿದ ಆ ಪೊಟ್ಟಣವು ನಮಗೆ ನೆನಪಾಗದೆ ಇರಲಿಲ್ಲ.

ಇಷ್ಟರವರೆಗೆ ಎಲ್ಲವೂ ಆಟವೇ ಆಗಿತ್ತು. ಒಂಬತ್ತನೆಯ ವಾರ ಅಧ್ಯಾಪಿಕೆಯವರು ಬೀರುವಿನ ತಳದಿಂದ ಹಬ್ ಎಂಬ ಹಳೆಯ ಪೆಟ್ಟಿಗೆಯೊಂದನ್ನು ತೆಗೆದರು. ಒಬ್ಬನು ಆಡಿದ್ದನ್ನು ಎಲ್ಲರ ಕಿವಿಗೂ ಹಾಕುವುದು ಅದರ ಸ್ವಭಾವ. ಕಾಲೇಜಿನ ಜಾಲಕ್ಕೆ ಹೋಗುವ ತಂತಿಯನ್ನು ಅವರೇ ಕಿತ್ತು ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ನಮ್ಮ ಮುಂದೆ ಒಂದು ಕಾಗದವನ್ನಿಟ್ಟು ಸಹಿ ಹಾಕಿಸಿಕೊಂಡರು: ಇಲ್ಲಿ ಕಲಿಯುವುದನ್ನು ಅನುಮತಿಯಿಲ್ಲದೆ ಪರರ ಯಂತ್ರದ ಮೇಲೆ ಪ್ರಯೋಗಿಸಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ನೆಯ ವಿಧಿಯಂತೆ ಮೂರು ವರ್ಷಗಳವರೆಗೆ ಸೆರೆ, ಐದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ.

ಪ್ರಯೋಗ ಸರಳವಾದದ್ದು. ಟೆಲ್ನೆಟ್ ಎಂಬ ಹಳೆಯ ಪದ್ಧತಿಯಿಂದ ಒಂದು ಕಂಪ್ಯೂಟರು ಇನ್ನೊಂದರೊಳಕ್ಕೆ ಪ್ರವೇಶಿಸಬೇಕು. ಮೂರನೆಯದು ವೈರ್‌ಶಾರ್ಕ್ ಎಂಬ ತಂತ್ರಾಂಶದ ಮೂಲಕ ಕಿವಿಗೊಟ್ಟು ಕುಳಿತಿರಬೇಕು. ಪ್ರವೇಶಕ್ಕೆಂದು ನಾವು ಕಲ್ಪಿಸಿದ ಹೆಸರು ‘ರಮಾ’, ಗುಪ್ತಪದ ‘ಮಧೂರು’; ಎರಡನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದೆವು. ಟೆಲ್ನೆಟ್ಟಿನಲ್ಲಿ ಒತ್ತಿದ ಒಂದೊಂದು ಅಕ್ಷರವೂ ಒಂದೊಂದು ಪೊಟ್ಟಣವಾಗಿ ಹೊರಡುತ್ತದೆ; ಅತ್ತಲಿನ ಯಂತ್ರವು ಅದನ್ನೇ ಹಿಂದಕ್ಕೆ ಕಳುಹಿಸಿದಾಗ ಅದು ಪರದೆಯ ಮೇಲೆ ಮೂಡುತ್ತದೆ. ಆದುದರಿಂದ ಕದ್ದು ಕೇಳುವವನಿಗೆ ಹೆಸರಿನ ಅಕ್ಷರಗಳು ಎರಡೆರಡಾಗಿ ಕಾಣುತ್ತವೆ: ಆರ್ ಆರ್, ಎ ಎ, ಎಂ ಎಂ, ಎ ಎ. ಗುಪ್ತಪದವಾದರೋ ಗುಪ್ತವಲ್ಲವೇ! ಅದನ್ನು ಪರದೆಯ ಮೇಲೆ ತೋರಿಸಬಾರದೆಂದು ಅತ್ತಲಿನ ಯಂತ್ರವು ಹಿಂದಕ್ಕೆ ಕಳುಹಿಸುವುದಿಲ್ಲ. ಹಾಗಾಗಿ ಅದೊಂದೇ ಗೊಂದಲವಿಲ್ಲದೆ ಅಚ್ಚು ಹಾಕಿದಂತೆ ಕಾಣಿಸಿತು: ಎಂ, ಎ, ಡಿ, ಎಚ್, ಯು, ಆರ್, ಯು. ಒತ್ತಿದವಳ ಕಣ್ಣಿಗೆ ಮರೆಯಾದದ್ದು ಕೇಳಬಾರದವನಿಗೆ ಎಲ್ಲಕ್ಕಿಂತ ನಿಚ್ಚಳವಾಗಿತ್ತು. ನಾವು ನಾಲ್ವರೂ ಒಂದು ಗಳಿಗೆ ಮಾತಾಡಲಿಲ್ಲ.

ಅಂದು ಸಂಜೆ ಹಾಸ್ಟೆಲಿನ ಜಗಲಿಯಲ್ಲಿ ಕುಳಿತು ಫೋನುಗಳಲ್ಲಿ ಮುಳುಗಿದ್ದ ನಲ್ವತ್ತು ಮಂದಿಯನ್ನು ನಾವು ಬೇರೆಯೇ ಕಣ್ಣಿನಿಂದ ನೋಡಿದೆವು. ಆ ವೇಳೆಗೆ ಬಹುಪಾಲು ತಾಣಗಳು ಗೂಢಲಿಪಿಯನ್ನು ಬಳಸುತ್ತಿದ್ದುವಾದರೂ, ಯಾರು ಯಾವ ತಾಣದ ಬಾಗಿಲು ತಟ್ಟಿದರೆಂಬುದು ಬಹುಮಟ್ಟಿಗೆ ತೆರೆದೇ ಇತ್ತು. ಇಣುಕುವುದು ನಮ್ಮಿಂದ ಸಾಧ್ಯವೆಂಬುದು ನಾಲ್ವರಿಗೂ ಗೊತ್ತಿತ್ತು. ಒಬ್ಬರೂ ಆ ಮಾತೆತ್ತಲಿಲ್ಲ. ಸಹಿಯ ಭಯವೋ ನಾಚಿಕೆಯೋ, ಬೇರ್ಪಡಿಸಿ ಹೇಳಲಾರೆವು.

ಮರುವಾರದ ಪ್ರಯೋಗ ಇನ್ನೂ ವಿಚಿತ್ರ. ಹಬ್ಬಿನ ಬದಲು ಸ್ವಿಚ್ಚು ಬಂದರೆ ಮಾತು ಆಯಾ ಕಿವಿಗೆ ಮಾತ್ರ ತಲಪುತ್ತದೆ. ಆದರೆ ಆ ಕಿವಿ ಯಾರದೆಂದು ನಿರ್ಣಯಿಸುವ ಎಆರ್‌ಪಿ ಎಂಬ ನಿಯಮವು 1982ರಷ್ಟು ಹಿಂದಿನದು. ಪರಸ್ಪರ ಪರಿಚಿತರ ಕಾಲದ್ದು. ‘ಈ ವಿಳಾಸ ಯಾರದು?’ ಎಂದು ಒಬ್ಬನು ಕೂಗುತ್ತಾನೆ. ‘ನನ್ನದು’ ಎಂದವನನ್ನು ನಂಬುತ್ತಾನೆ. ಕೇಳದೆಯೇ ‘ಅದು ನಾನೇ’ ಎಂದು ಬಂದವನನ್ನೂ ಎಷ್ಟೋ ಯಂತ್ರಗಳು ನಂಬುತ್ತವೆ. ನಮ್ಮ ಮೂರನೆಯ ಕಂಪ್ಯೂಟರು ಹೀಗೆಯೇ ಇಬ್ಬರಿಗೂ ಸುಳ್ಳು ಹೇಳಿ ನಡುವೆ ನಿಂತು, ಹೋಗಿಬರುವ ಮಾತನ್ನೆಲ್ಲ ತನ್ನ ಕೈಯಿಂದ ದಾಟಿಸಿತು.

ಇದಕ್ಕೆ ಮದ್ದೆಂದು ಕಲಿತದ್ದು ಎಸ್‌ಎಸ್‌ಎಚ್. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಗುಪ್ತಪದಗಳು ಕಳವಾದ ಮೇಲೆ, 1995ರಲ್ಲಿ ಅಲ್ಲಿಯ ತಾತು ಯಲೋನೆನ್ ಇದನ್ನು ರಚಿಸಿದರು. ಇದು ಮಾತನ್ನು ಗೂಢಲಿಪಿಯಲ್ಲಿ ಮುಚ್ಚುವುದಲ್ಲದೆ, ಎದುರಿನ ಯಂತ್ರದ ಬೆರಳಚ್ಚಿನಂಥ ಗುರುತನ್ನು ನೆನಪಿಟ್ಟುಕೊಳ್ಳುತ್ತದೆ. ಮುಂದೆ ಎಂದಾದರೂ ಆ ಗುರುತು ಬದಲಾದರೆ ದೊಡ್ಡ ದನಿಯಲ್ಲಿ ಎಚ್ಚರಿಸುತ್ತದೆ.

ಈ ವಿದ್ಯೆ ಮನೆಯವರೆಗೆ ಬಂದದ್ದು ಬಹಳ ತಡವಾಗಿ, 2024ರಲ್ಲಿ. ನಮ್ಮ ಗೆಳತಿಯ ತಂದೆ ನಿವೃತ್ತ ಕನ್ನಡ ಮಾಷ್ಟ್ರು. ದೂರದ ನಗರವೊಂದರ ಪೊಲೀಸ್ ಅಧಿಕಾರಿಯೆಂದು ಹೇಳಿಕೊಂಡವನೊಬ್ಬನು ವಿಡಿಯೋ ಕರೆಯಲ್ಲಿ ಸಮವಸ್ತ್ರ ಸಮೇತ ಕಾಣಿಸಿಕೊಂಡು, ‘ನೀವು ಡಿಜಿಟಲ್ ಬಂಧನದಲ್ಲಿದ್ದೀರಿ’ ಎಂದನಂತೆ. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ. ಮಾಷ್ಟ್ರು ಕರೆ ಕಡಿದು, ಊರಿನ ಠಾಣೆಗೆ ತಾವೇ ಫೋನು ಮಾಡಿ ವಿಚಾರಿಸಿದರು, ಹಣ ಉಳಿಯಿತು. ಠಾಣೆಯವರು 1930 ಎಂಬ ಸಹಾಯವಾಣಿಯ ಅಂಕಿಯನ್ನೂ ಬರೆದುಕೊಳ್ಳುವಂತೆ ಹೇಳಿದರು. ಅದು ಈಗ ಅವರ ಮನೆಯ ಪಂಚಾಂಗದ ಮೇಲಿದೆ.

ಆ ಭಾನುವಾರ ನಾವು ನಾಲ್ವರೂ ಅವರಲ್ಲಿಗೆ ಹೋಗಿದ್ದೆವು. ಕೇಳದೆಯೇ ‘ಅದು ನಾನೇ’ ಎಂದು ಬರುವವನ ಕತೆಯನ್ನೂ ಎಸ್‌ಎಸ್‌ಎಚ್‌ನ ಗುರುತಿನ ಕತೆಯನ್ನೂ ಅವರಿಗೆ ವಿವರಿಸಿದೆವು. ಮಾಷ್ಟ್ರು ಎಲೆಯಡಕೆಯ ತಟ್ಟೆಯನ್ನು ಬದಿಗೆ ಸರಿಸಿ ಕೇಳಿದರು:

“ಅದೆಲ್ಲ ಸರಿ ಮಕ್ಕಳೇ, ಮೊತ್ತಮೊದಲನೆಯ ಸಲ ಆ ಗುರುತು ನಿಜವಾದದ್ದೇ ಎಂದು ಯಾರು ಹೇಳಿದರು?”

ಸರಿಯಾದ ಜಾಗಕ್ಕೇ ಅವರು ಬೆರಳಿಟ್ಟಿದ್ದರು. ಮೊದಲ ಸಲ ತಂತ್ರಾಂಶವು ಗುರುತನ್ನು ತೋರಿಸಿ ‘ನಂಬಲೇ?’ ಎಂದು ಕೇಳುತ್ತದಷ್ಟೆ. ಹೆಚ್ಚಿನವರು ಓದದೆಯೇ ‘ಹೌದು’ ಎನ್ನುತ್ತಾರೆ. ಪ್ರಯೋಗಶಾಲೆಯಲ್ಲಿ ನಾವು ಮಾಡಿದ್ದನ್ನು ಅವರಿಗೆ ಹೇಳಿದೆವು: ನಮ್ಮಲ್ಲೊಬ್ಬರು ಎದ್ದು ಆಚೆಯ ಕಂಪ್ಯೂಟರಿನ ಬಳಿಗೆ ನಡೆದುಹೋಗಿ, ಅದರ ಪರದೆಯ ಮೇಲಿನ ಗುರುತನ್ನು ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಓದಿದರು, ಈಚೆ ಕುಳಿತ ಮೂವರು ನಮ್ಮ ಪರದೆಯ ಮೇಲೆ ಬೆರಳಿಟ್ಟು ಒಂದೊಂದಕ್ಕೂ ‘ಹೌದು’ ಎಂದೆವು.